ಎರಿ ಮಣ್ಣಿನ ಹಳೇ ಒಲಿ

ಜುಲೈ 7, 2023, ಶುಕ್ರವಾರ. ಖಂಡಾಳ ಘಟ್ಟ

ಹುಬ್ಬಳ್ಳಿಯಿಂದ ರಾತ್ರಿ ಹೊರಟ ಬಸ್ಸು ಖಂಡಾಳ ಘಟ್ಟ ಇಳಿಯುವಾಗ ಬೆಳಕು ಹರಿದಿತ್ತು. ಅಪ್ಪ ಟವೆಲ್ಲಿನ ತುದಿಯಿಂದ ಕಿಟಕಿ ಗಾಜು ಒರೆಸಿಕೊಂಡು ಹೊರಗೆ ನೋಡುತ್ತ ಕೂತಿದ್ದ. ಮಳೆಗೆ ತೊಯ್ದ ಕಪ್ಪು ಗುಡ್ಡ. ಅದರ ಮೈತುಂಬ ಒಂದರ ಮೇಲೊಂದು ಅಡ್ಡ ಪಟ್ಟಿ, ಪಟ್ಟಿಗೊಂದು ನೀರಿನ ಎಳೆ.

"ಒಡ್ಡು ಹಾಕಿದಂಗ ಐತಲ್ಲೋ ತಮ್ಮಾ. ಯಾರು ಹಾಕಿದರು ಇದನ್ನ?"

ಈ ಪ್ರಶ್ನೆ ಬರಲಿ ಎಂದೇ ನಾನು ಬೆಳಕಿನಲ್ಲಿ ಘಟ್ಟ ದಾಟುವ ಬಸ್ಸು ಹಿಡಿದಿದ್ದೆ. ಅಲ್ಲಿ ಕಾಣುವ ಪಟ್ಟಿ ಒಂದೊಂದೂ ಒಂದೊಂದು ಸಲ ಹರಿದ ಲಾವಾ. ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲ ಸೀಳಿಕೊಂಡು ಬಂದ ಕರಗಿದ ಕಲ್ಲು ಹರಡಿತು, ಆರಿತು, ಆರಿದ್ದರ ಮೇಲೆ ಮತ್ತೆ ಹರಡಿತು. ಸಹ್ಯಾದ್ರಿಯ ಕೆಲವು ಕಡೆ ಅದರ ದಪ್ಪ ಎರಡು ಕಿಲೋಮೀಟರಿಗೂ ಮೇಲೆ. ಸವೆದು ಉಳಿದಿದ್ದೇ ಇವತ್ತು ಸುಮಾರು 5 ಲಕ್ಷ ಚದರ ಕಿಲೋಮೀಟರ್. ಡೆಕ್ಕನ್ ಟ್ರ್ಯಾಪ್ ಎನ್ನುವುದು ಇದಕ್ಕೇ. ಟ್ರ್ಯಾಪ್ ಎಂಬುದು ಸ್ವೀಡನ್ನಿನ ಮಾತಿನಿಂದ ಬಂದದ್ದು, ಮೆಟ್ಟಿಲು ಎಂದು ಅರ್ಥ. ದಕ್ಷಿಣದ ಅಂಚು ನಮ್ಮ ಬೆಳಗಾವಿಗೆ ಬಂದು ನಿಲ್ಲುತ್ತದೆ. ಅವ್ವನ ತವರುಮನೆ ಇರುವ ವಿಜಯಪುರದ ಡೋಣಿ ಹೊಳೆಯ ಸಾಲು ಇದೇ ಕಲ್ಲಿನ ಮೇಲಿದೆ. ಡೋಣಿ ಬೆಳೆದರೆ ಓಣೆಲ್ಲ ಜೋಳ ಎಂದು ಅವ್ವ ಈಗಲೂ ತವರಿನ ಹೊಲ ಹೊಗಳುತ್ತಾಳೆ, ಅಪ್ಪ ಕೇಳಿಸಿಕೊಳ್ಳದ ಹಾಗೆ ಕೂರುತ್ತಾನೆ.

ನಾನು ಧಾರವಾಡದಲ್ಲಿ ಮಣ್ಣು ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ರೈತರು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ತರುವ ಮಣ್ಣನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ಅದರಲ್ಲಿ ಏನಿದೆ ಏನಿಲ್ಲ ಎಂದು ಬರೆದುಕೊಡುತ್ತೇನೆ. ಅಪ್ಪನಿಗೆ ಈಗ 68. ನವಲಗುಂದದ ಕಡೆ ನಮ್ಮೂರಿನ ಕಪ್ಪು ಎರಿ ಮಣ್ಣಿನ ಹೊಲ ಬಿಟ್ಟು ಅವನು ದೂರ ಹೋದದ್ದು ಕಡಿಮೆ. ನನ್ನ ತಂಗಿ, ಅವಳ ಗಂಡ ಮಾರಿಷಸ್‌ನಲ್ಲಿದ್ದಾರೆ. ಕೂಸನ್ನು ತೊಟ್ಟಿಲಿಗೆ ಹಾಕುವುದಿತ್ತು. ಅವ್ವನಿಗೆ ಮೊಣಕಾಲು ನೋವು, ಬರಲಿಲ್ಲ. ಮಾರಿಷಸ್‌ನಿಂದ ವಿಮಾನದಲ್ಲಿ ಮುಕ್ಕಾಲು ತಾಸು ಹೋದರೆ ಫ್ರಾನ್ಸಿಗೆ ಸೇರಿದ ರಿಯೂನಿಯನ್ ದ್ವೀಪ ಸಿಗುತ್ತದೆ. ಖಂಡಾಳದ ಈ ಮೆಟ್ಟಿಲುಗಳನ್ನು ಸುರಿದ ಬೆಂಕಿ ಇವತ್ತು ಉರಿಯುತ್ತಿರುವುದು ಆ ದ್ವೀಪದ ಕೆಳಗೆ. ಅಪ್ಪನಿಗೆ ಅದನ್ನು ತೋರಿಸಬೇಕು ಎಂದು ಮೇ ತಿಂಗಳಲ್ಲೇ ಟಿಕೆಟ್ ಮಾಡಿಸಿದ್ದೆ. ನಾವು ಹೊರಡುವ ಐದು ದಿನ ಮೊದಲು, ಜುಲೈ 2ರ ಭಾನುವಾರ, ಅಲ್ಲಿನ ಜ್ವಾಲಾಮುಖಿ ಬಾಯಿ ಬಿಟ್ಟಿತು. ತಂಗಿ ಫೋನ್ ಮಾಡಿ, "ಅಣ್ಣಾ, ನೀ ಹೇಳಿದ ಗುಡ್ಡ ಹೊತ್ತೈತಿ ನೋಡು" ಅಂದಾಗ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಅಪ್ಪನಿಗೆ ನಿದ್ದೆ ಇಲ್ಲದ್ದು ಬೇರೆ ಕಾರಣಕ್ಕೆ. ಜೂನ್ ಪೂರ್ತಿ ಮಳೆ ಕೈಕೊಟ್ಟಿತ್ತು. ಎರಡೆಕರೆ ಹೆಸರು ಬಿತ್ತಿ ಉಳಿದ ಹೊಲ ಹಾಗೇ ಬಿಟ್ಟಿದ್ದ. ಮಣ್ಣೆತ್ತಿನ ಅಮಾಸಿಗೆ ಎತ್ತು ಮಾಡಲು ಮಣ್ಣು ತರಹೋದವನು ಕೆರೆಯ ಅಂಗಳವೇ ಬಿರುಕು ಬಿಟ್ಟದ್ದು ನೋಡಿ ಬಂದಿದ್ದ.

ಜುಲೈ 10, ಸೋಮವಾರ. ಮಾರಿಷಸ್

ತೊಟ್ಟಿಲು ಕಾರ್ಯ ನಿನ್ನೆ ಚೆನ್ನಾಗಿ ಆಯಿತು. ಅದರ ವರ್ಣನೆ ಮನೆಮಂದಿಗೆ ಬಿಟ್ಟು, ಇಲ್ಲಿನ ಹೊಲದ ಒಂದು ಸಂಗತಿ ಬರೆಯುತ್ತೇನೆ. ಕಬ್ಬಿನ ಗದ್ದೆಗಳ ನಡುವೆ ಅಲ್ಲಲ್ಲಿ ಕರೀ ಕಲ್ಲಿನ ದೊಡ್ಡ ಗುಡ್ಡೆಗಳಿವೆ. ನೇರವಾಗಿ, ಮೂಲೆ ಹಿಡಿದು ಒಟ್ಟಿದ್ದಾರೆ. ಅಪ್ಪ ಕಾರು ನಿಲ್ಲಿಸಲು ಹೇಳಿ ಒಂದು ಗುಡ್ಡೆಯ ಸುತ್ತ ನಡೆದು ಬಂದ. ಇದು ಆಳು ಕೈಯಿಂದ ಆಯ್ದು ಒಟ್ಟಿದ ಕಲ್ಲು ಎಂದು ಯಾರೂ ಹೇಳಬೇಕಾಗಲಿಲ್ಲ. ನೂರೈವತ್ತು ವರ್ಷದ ಹಿಂದೆ ಕೂಲಿ ಕರಾರಿನ ಮೇಲೆ ಹಡಗು ಹತ್ತಿ ಬಂದ ನಮ್ಮ ದೇಶದ ಜನ ಈ ನೆಲವನ್ನು ಹೊಲ ಮಾಡಿದರು. ಅಪ್ಪ ಒಂದು ಕಲ್ಲಿನ ಮೇಲೆ ಅಂಗೈ ಊರಿ ಸ್ವಲ್ಪ ಹೊತ್ತು ನಿಂತ.

ಮಾರಿಷಸ್ ಕೂಡ ಅದೇ ಬೆಂಕಿಯದು. ಸುಮಾರು 80–90 ಲಕ್ಷ ವರ್ಷದ ಕೂಸು. ರಾತ್ರಿ ಊಟಕ್ಕೆ ಕೂತಾಗ ತಂಗಿ ರೊಟ್ಟಿ ಬಡಿಯುತ್ತಿದ್ದಳು. ನಾನು ಅಪ್ಪನಿಗೆ ಅದನ್ನೇ ತೋರಿಸಿ ಹೇಳಿದೆ. ಒಲೆ ಇದ್ದಲ್ಲೇ ಇದೆ, ಮೇಲಿನ ಹಂಚು ಸರಿಯುತ್ತ ಹೋಗಿದೆ. ಒಂದು ಕಾಲಕ್ಕೆ ನಮ್ಮ ದಖ್ಖನ್ ಈ ಒಲೆಯ ಮೇಲಿತ್ತು. ಭಾರತ ಬಡಗಣಕ್ಕೆ ಸರಿಯಿತು. ಸರಿದಂತೆ ಹಿಂದೆ ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್‌ಗಳ ಬುಡದ ಕಲ್ಲು, ಆಮೇಲೆ ಮಾರಿಷಸ್, ಕೊನೆಗೆ ರಿಯೂನಿಯನ್. ಸಮುದ್ರದ ತಳದಲ್ಲಿ ಸಾಲು ಹಿಡಿದು ಬಿದ್ದ ಸುಟ್ಟ ಕಲೆಗಳು ಅವು.

"ಹಂಗಾದ್ರ ನಾವು ಬೆಂದ ರೊಟ್ಟಿ ಮ್ಯಾಲ ಕೂತೀವಿ" ಅಂದ ಅಪ್ಪ.

ಜುಲೈ 12, ಬುಧವಾರ. ರಿಯೂನಿಯನ್, ಪೂರ್ವದ ಕರಾವಳಿ

ವಿಮಾನ ಏರಿದ್ದು ಗೊತ್ತಾಗುವಷ್ಟರಲ್ಲಿ ಇಳಿಯಿತು. ಮೇಲಿಂದ ನೋಡಿದರೆ ಸಮುದ್ರದಿಂದ ಸೀದಾ ಎದ್ದ ಗುಡ್ಡ, ಅಂಚಿಗೆ ಮಾತ್ರ ಮನೆ, ಕಬ್ಬು. ಇಡೀ ದ್ವೀಪ 2,512 ಚದರ ಕಿಲೋಮೀಟರ್, ನಮ್ಮ ಧಾರವಾಡ ಜಿಲ್ಲೆಗಿಂತ ಚಿಕ್ಕದು. ಎರಡು ಜ್ವಾಲಾಮುಖಿ ಸೇರಿ ಆದದ್ದು. ಒಂದು ಪಿಟೋನ್ ದೆ ನೇಜ್, 3,070 ಮೀಟರ್, ತಣ್ಣಗಾಗಿದೆ. ಇನ್ನೊಂದು ಪಿಟೋನ್ ದೆ ಲಾ ಫೂರ್ನೇಸ್, 2,632 ಮೀಟರ್. ಫೂರ್ನೇಸ್ ಅಂದರೆ ಕುಲುಮೆ. ಕಳೆದ ಐದು ಲಕ್ಷ ವರ್ಷಗಳಲ್ಲಿ ಬೆಳೆದ ಈ ಕುಲುಮೆ ಜಗತ್ತಿನಲ್ಲಿ ಅತಿ ಹೆಚ್ಚು ಸಲ ಹೊತ್ತುವ ಜ್ವಾಲಾಮುಖಿಗಳಲ್ಲಿ ಒಂದು.

ನಮಗೆ ಸಿಕ್ಕ ಚಾಲಕನ ಪೂರ್ವಜರು ತಮಿಳುನಾಡಿನಿಂದ ಕಬ್ಬಿನ ಕೆಲಸಕ್ಕೆ ಬಂದವರು. ಇಲ್ಲಿ ಗುಲಾಮಗಿರಿ ನಿಂತದ್ದು 1848ರ ಡಿಸೆಂಬರ್ 20ಕ್ಕೆ. ಆಮೇಲೆ ತೋಟಗಳಿಗೆ ಆಳು ಬೇಕಾಗಿ ನಮ್ಮ ಕಡೆಯಿಂದ ಜನರನ್ನು ತಂದರು. ಅವರ ಮಕ್ಕಳು ಮರಿಗಳನ್ನು ಮಲಬಾರ್ ಎಂದು ಕರೆಯುತ್ತಾರೆ. ಅವನಿಗೆ ತಮಿಳು ಬಾರದು. ಆಡುವುದು ಅಲ್ಲಿನ ಕ್ರಿಯೋಲ್, ನನ್ನೊಡನೆ ಹರಕುಮುರುಕು ಇಂಗ್ಲಿಷ್. ಆದರೆ ಗಾಡಿಯ ಮುಂದೆ ಮುರುಗನ ಚಿತ್ರ, ಅದಕ್ಕೊಂದು ಹೂವು. ಸೇಂಟ್ ಆಂದ್ರೆ ಊರಿನಲ್ಲಿ ಗುಡಿಯ ಮುಂದೆ ನಿಲ್ಲಿಸಿದ. ಬಣ್ಣದ ಗೋಪುರ, ಒಳಗೆ ಕರ್ಪೂರದ ವಾಸನೆ. ಇಲ್ಲಿ ದ್ರೌಪದಿಗೆ ಪಾಂಡಿಯಾಲೆ ಎನ್ನುತ್ತಾರೆ, ಅವಳ ಹೆಸರಿನಲ್ಲಿ ಕೆಂಡ ತುಳಿಯುತ್ತಾರೆ ಎಂದು ಹೇಳಿದ.

"ನಮ್ಮೂರ ಜಾತ್ರ್ಯಾಗೂ ಅಗ್ಗಿ ಹಾಯ್ತೀವಿ ಅಂತ ಹೇಳು ಅವಂಗ" ಅಂದ ಅಪ್ಪ. ಹೇಳಿದೆ. ಅಪ್ಪ ಚೀಲದಿಂದ ಧಾರವಾಡ ಪೇಡೆಯ ಡಬ್ಬಿ ತೆಗೆದು ಅವನ ಕೈಗೆ ಇಟ್ಟ. ಆ ಹೊತ್ತಿನಿಂದ ಅವರಿಬ್ಬರಿಗೆ ನನ್ನ ಮಧ್ಯಸ್ಥಿಕೆ ಬೇಕಾಗಲಿಲ್ಲ.

ದಾರಿಯಲ್ಲಿ ತಿಂದದ್ದು ಬೊಂಬೊಂ ಪಿಮಾಂ. ಹೆಸರು ಫ್ರೆಂಚ್, ತಿಂದರೆ ನಮ್ಮ ಖಾರದ ವಡೆ.

ಸಂಜೆಗೆ ಸೇಂಟ್ ರೋಸ್ ಕಡೆ ರಸ್ತೆಯ ಪಕ್ಕ ನಿಂತು ಗುಡ್ಡದ ದಿಕ್ಕಿಗೆ ಕಾದೆವು. ಮೋಡ ಒಂಚೂರೂ ಸರಿಯಲಿಲ್ಲ. ಹತ್ತು ಗಂಟೆಗೆ ಮಳೆ ಹಿಡಿಯಿತು. ಅಪ್ಪ ಆ ಮಳೆಯನ್ನು ನೋಡಿದ ರೀತಿ ನನಗೆ ನೋವಾಯಿತು. ಊರಿಗೆ ಫೋನ್ ಮಾಡಿದರೆ ಅವ್ವ, "ಇಲ್ಲಿ ಮೋಡ ಬರತಾವು, ಹೋಗತಾವು" ಅಂದಳು.

ಜುಲೈ 13, ಗುರುವಾರ. ಗ್ರಾಂ ಬ್ರುಲೆ

ಇವತ್ತಿನದು ಉದ್ದವಾಗಿ ಬರೆಯುತ್ತೇನೆ. ಈ ಪ್ರವಾಸದಲ್ಲಿ ನಾನು ಕಲಿತದ್ದರಲ್ಲಿ ಅರ್ಧ ಇವತ್ತೇ ಆಯಿತು.

ಮುಂಜಾನೆ ಪಿಟೋನ್ ಸೇಂಟ್ ರೋಸ್ ಊರಿನ ಚರ್ಚಿಗೆ ಹೋದೆವು. 1977ರ ಏಪ್ರಿಲ್‌ನಲ್ಲಿ ಲಾವಾ ಎಂದಿನ ಹಾದಿ ಬಿಟ್ಟು ಈ ಊರಿನ ಮೇಲೆ ಬಂತು. ಜನರನ್ನು ಮೊದಲೇ ಸ್ಥಳಾಂತರಿಸಿದ್ದರು, ಯಾರೂ ಸಾಯಲಿಲ್ಲ. ಮನೆಗಳು ಹೋದವು. ಚರ್ಚಿನ ಬಾಗಿಲಿಗೆ ಬಂದ ಲಾವಾ ಎರಡಾಗಿ ಸೀಳಿ ಎರಡೂ ಗೋಡೆಗೆ ಒರಗಿಕೊಂಡು ಹೋಯಿತು. ಇವತ್ತಿಗೂ ಬಾಗಿಲ ಮುಂದೆ ಕಪ್ಪು ಕಲ್ಲು ಹಾಗೇ ಇದೆ. ಆಳೆತ್ತರದ ಗಟ್ಟಿ ಅಲೆ, ಅದರ ಪಕ್ಕದಲ್ಲಿ ತಿಳಿ ಬಣ್ಣದ ಗೋಡೆ. ಈಗ ಅದರ ಹೆಸರು ಲಾವಾದ ಮಾತೆಯ ಚರ್ಚು.

ಇನ್ನೊಂದು ಮೇರಿಯ ಮೂರ್ತಿಯೂ ಇಲ್ಲಿದೆ, ನೀಲಿ ಉಡುಪು, ಕೈಯಲ್ಲಿ ನೀಲಿ ಕೊಡೆ. ಬೆಟ್ಟದ ಬೆಂಕಿಯಿಂದ ಹೊಲಮನೆ ಕಾಯಲಿ ಎಂದು ಹಿಡಿಸಿದ ಕೊಡೆ ಅದು. ಲಾವಾ ಹತ್ತಿರ ಬಂದಾಗ ಜನ ಅವಳನ್ನೇ ಎತ್ತಿಕೊಂಡು ಬೇರೆಡೆ ಇಟ್ಟದ್ದೂ ಉಂಟು. ಅಪ್ಪ ಚಪ್ಪಲಿ ಬಿಟ್ಟು ಕೈಮುಗಿದ. ಊರಿನ ದ್ಯಾಮವ್ವನಿಗೆ ಮುಗಿಯುವ ಹಾಗೆಯೇ, ಕಣ್ಣು ಮುಚ್ಚಿ, ಎರಡು ಸಲ.

ಅಲ್ಲಿಂದ ದಕ್ಷಿಣಕ್ಕೆ ಹೋದರೆ ಗ್ರಾಂ ಬ್ರುಲೆ, ಅಂದರೆ ದೊಡ್ಡ ಸುಟ್ಟ ಬಯಲು. ಇದರ ಆಕಾರ ತಿಳಿಯಬೇಕಾದರೆ ಅವ್ವ ಜೋಳ ಹಸನು ಮಾಡುವ ಮೊರವನ್ನು ನೆನೆಯಬೇಕು. ಮೂರು ಕಡೆ ಅಂಚು ಎದ್ದಿದೆ, ಒಂದು ಕಡೆ ತೆರೆದಿದೆ. ಆ ಮೊರದ ಒಳಗೆ ಜ್ವಾಲಾಮುಖಿ ಕೂತಿದೆ. ತೆರೆದ ಬಾಯಿ ಸಮುದ್ರಕ್ಕಿದೆ. ಎದ್ದ ಅಂಚು ಅಂದರೆ ನೂರಾರು ಅಡಿ ಎತ್ತರದ ಕಲ್ಲಿನ ಗೋಡೆ. ಲಾವಾ ಬಹುತೇಕ ಈ ಮೊರದೊಳಗೇ ಬಂದು, ಇಳಿಜಾರು ಹಿಡಿದು ಸಮುದ್ರದ ಕಡೆ ಹೋಗುತ್ತದೆ. ಅದಕ್ಕೇ ಆಚೆ ಈಚೆ ಊರುಗಳು ಬದುಕಿವೆ. 1977ರದು ಅಂಚು ಮೀರಿ ಹೊರಗೆ ಬಂದದ್ದು, ಹಾಗಾಗಿ ಅಷ್ಟು ನಷ್ಟ.

ದ್ವೀಪದ ಹೆದ್ದಾರಿ ಈ ಮೊರದ ಬಾಯಿಗೆ ಅಡ್ಡವಾಗಿ ಹೋಗುತ್ತದೆ. ಲಾವಾ ಬಂದಾಗಲೆಲ್ಲ ರಸ್ತೆ ಹೂತುಹೋಗುತ್ತದೆ, ಆರಿದ ಮೇಲೆ ಅದರ ಮೇಲೇ ಮತ್ತೆ ಹಾಕುತ್ತಾರೆ. ಬದಿಗೆ ಫಲಕಗಳು: 2004ರ ಹರಿವು, 2007ರ ಹರಿವು. ನಮ್ಮ ಕಡೆ ಕಿಲೋಮೀಟರ್ ಕಲ್ಲು ಇದ್ದಂತೆ ಇಲ್ಲಿ ವರ್ಷಗಳನ್ನು ದಾಟುತ್ತ ಹೋಗಬೇಕು.

2007ರ ಹರಿವಿನ ಮೇಲೆ ಇಳಿದು ನಡೆದೆವು. ಆ ವರ್ಷದ ಏಪ್ರಿಲ್‌ನದು ನೂರು ವರ್ಷದಲ್ಲಿ ಕಂಡಿರದಷ್ಟು ದೊಡ್ಡದು. ಹೊರಬಂದ ಲಾವಾ 20 ಕೋಟಿ ಘನ ಮೀಟರಿಗೂ ಹೆಚ್ಚು. ಒಳಗಿನದೆಲ್ಲ ಬರಿದಾಗಿ ಶಿಖರದ ಡೊಲೊಮಿಯು ಕುಳಿಯ ತಳ ಮುನ್ನೂರು ಮೀಟರಿಗಿಂತ ಆಳಕ್ಕೆ ಕುಸಿಯಿತು. ಲಾವಾ ಸಮುದ್ರ ಸೇರಿದಲ್ಲಿ ಹೊಸ ನೆಲ ಹುಟ್ಟಿತು. ನೀರು ಕುದ್ದು ಆಳ ಸಮುದ್ರದ ಮೀನುಗಳು, ಬಲೆಗಾರರು ಎಂದೂ ನೋಡಿರದಂಥವು, ಸತ್ತು ಮೇಲೆ ತೇಲಿದವು. ಎಷ್ಟೋ ವರ್ಷ ಆ ಕಲ್ಲಿನ ಮೇಲೆ ಮಳೆ ಬಿದ್ದರೆ ಹಬೆ ಏಳುತ್ತಿತ್ತು ಎಂದು ಚಾಲಕ ಹೇಳಿದ.

ಕಾಲ ಕೆಳಗಿನದು ಎರಡು ಬಗೆ. ಒಂದು ಕಡೆ ನುಣುಪಾಗಿ, ಸುಕ್ಕುಸುಕ್ಕಾಗಿ, ಹಗ್ಗ ಹೊಸೆದಂತೆ. ಕೊಪ್ಪರಿಗೆಯಿಂದ ಸುರಿದ ಬೆಲ್ಲದ ಪಾಕ ಆರುವಾಗ ಮೇಲಿನ ಕೆನೆ ಹೀಗೇ ಮಡಚಿಕೊಳ್ಳುತ್ತದೆ. ಇನ್ನೊಂದು ಕಡೆ ಬರೀ ಹೆಂಟೆ, ಮುಳ್ಳಿನಂಥ ಹೆಂಟೆ. ಅದನ್ನು ನೋಡಿದ್ದೇ ಅಪ್ಪ, "ಇದು ಮಾಗಿ ಮಾಡಿದ ಹೊಲ" ಅಂದ. ಬೇಸಿಗೆಯಲ್ಲಿ ಆಳವಾಗಿ ರಂಟೆ ಹೊಡೆದ ಎರಿ ಹೊಲದ ಹೆಂಟೆಗೂ ಇದಕ್ಕೂ ದೂರದಿಂದ ವ್ಯತ್ಯಾಸವೇ ಕಾಣದು.

ಅಪ್ಪ ಕುಕ್ಕರಗಾಲಿನಲ್ಲಿ ಕೂತ. ಹೊಲದಲ್ಲಿ ಹದ ನೋಡುವಾಗ ಕೂರುವ ಹಾಗೆ. ಒಡೆದ ಒಂದು ತುಂಡು ಎತ್ತಿ ಬಿಸಿಲಿಗೆ ಹಿಡಿದ. ಕಪ್ಪು ಕಲ್ಲಿನೊಳಗೆ ಹಸಿರು ಹರಳುಗಳು, ಗಾಜಿನಂತೆ ಹೊಳೆಯುತ್ತ, ಹೆಸರುಕಾಳಿನಷ್ಟು ದಪ್ಪ.

"ಹೆಸರು ಬಿತ್ಯಾರಲ್ಲೋ ಇದರಾಗ!"

ಆಲಿವಿನ್ ಎಂಬ ಖನಿಜ ಅದು. ಭೂಮಿಯ ಆಳದಲ್ಲಿ ಮೊದಲು ಹರಳುಗಟ್ಟುವುದು ಅದೇ. 2007ರ ಲಾವಾದಲ್ಲಿ ಅದು ತುಂಬಿಕೊಂಡಿದೆ. ಅಪ್ಪ ಉಗುರಿನಿಂದ ಕೆರೆದು ನೋಡಿದ, ಬರಲಿಲ್ಲ. ಆಮೇಲೆ ಅವನ ಕಣ್ಣು ಬಿದ್ದದ್ದು ಕಲ್ಲಿನ ಮೇಲಿನ ಬೂದಿ ಬಣ್ಣದ ಪುಡಿಪುಡಿ ಪಾಚಿಯಂಥದ್ದರ ಮೇಲೆ. ಅದು ಕಲ್ಲುಹೂವು, ಲೈಕನ್. ಬರಿ ಲಾವಾದ ಮೇಲೆ ಮೊಟ್ಟಮೊದಲು ಸಂಸಾರ ಹೂಡುವುದು ಅದು. ಸೀಳುಗಳಲ್ಲಿ ಜರಿಗಿಡ ಬಂದಿತ್ತು, ಅಲ್ಲೊಂದು ಇಲ್ಲೊಂದು ಮೊಣಕಾಲೆತ್ತರದ ಕಂಟಿ. ಅಪ್ಪ ಒಂದು ಜರಿಗಿಡದ ಬುಡಕ್ಕೆ ಬೆರಳು ಹಾಕಿ ಕೆದಕಿದ. ಬೆರಳ ತುದಿಗೆ ಒಂದಿಷ್ಟು ಕಪ್ಪು ಹತ್ತಿಕೊಂಡಿತು. ಹೆಬ್ಬೆರಳಿನಿಂದ ತಿಕ್ಕಿದ.

"ಹದಿನಾರು ವರ್ಷಕ್ಕ ಇಷ್ಟು."

"ಇಷ್ಟೇ ಅಪ್ಪಾ."

"ಹೊಲ ಆಗಾಕ ಎಷ್ಟು ಬೇಕು?"

ಮಣ್ಣಿನ ಕೆಲಸ ಮಾಡುವ ನನಗೆ ಈ ಪ್ರಶ್ನೆ ಎಷ್ಟೋ ರೈತರು ಕೇಳಬಹುದಿತ್ತು, ಯಾರೂ ಕೇಳಿರಲಿಲ್ಲ. ನಾನು ತಿಳಿದಷ್ಟು ಹೇಳಿದೆ. ಇಲ್ಲಿ ಮಳೆ ವಿಪರೀತ, ಹಾಗಾಗಿ ಕಲ್ಲು ಬೇಗ ಕೊಳೆಯುತ್ತದೆ, ಆದರೆ ಸತ್ವ ತೊಳೆದು ಹೋಗುತ್ತದೆ, ನಮ್ಮಂಥ ಎರಿ ಆಗುವುದಿಲ್ಲ. ಇಲ್ಲಿನ ಹಳೆಯ ಕಬ್ಬಿನ ಹೊಲ ಕಂದು. ಎರಿ ಆಗಲು ಇಂಥ ಕಲ್ಲೂ ಬೇಕು, ಕಡಿಮೆ ಮಳೆಯೂ ಬೇಕು, ಉದ್ದ ಬಿಸಿಲೂ ಬೇಕು. ಕಲ್ಲಿನ ಸುಣ್ಣ, ಮೆಗ್ನೀಸಿಯಂ ಕೊಚ್ಚಿ ಹೋಗದೆ ಅಲ್ಲೇ ಉಳಿದರೆ ಮಾತ್ರ ಆ ಹಿಗ್ಗುವ ಜೇಡಿ ಹುಟ್ಟುತ್ತದೆ. ಮಳೆ ಬಂದರೆ ಉಬ್ಬಿ ನೀರು ಹಿಡಿಯುತ್ತದೆ, ಬಿಸಿಲಿಗೆ ಕುಗ್ಗಿ ಕಾಲು ಹೋಗುವಷ್ಟು ಬಾಯಿ ಬಿಡುತ್ತದೆ. ಹಿಂಗಾರಿಯಲ್ಲಿ ಒಂದು ಹನಿ ಮಳೆ ಇಲ್ಲದೆ ಕಡ್ಲಿ, ಬಿಳಿಜೋಳ ಬೆಳೆಯುವುದು ಆ ಜೇಡಿ ಕುಡಿದಿಟ್ಟ ನೀರಿನಲ್ಲೇ.

ಇನ್ನೊಂದು ಮಾತನ್ನೂ ಮುಚ್ಚಿಡಲಿಲ್ಲ. ನಮ್ಮ ಧಾರವಾಡ, ಗದಗ ಸೀಮೆಯ ಎರಿ ಎಲ್ಲವೂ ಈ ಟ್ರ್ಯಾಪ್ ಕಲ್ಲಿನದಲ್ಲ. ನಮ್ಮ ಬುಡದಲ್ಲಿರುವುದು ಧಾರವಾಡದ ಹೆಸರನ್ನೇ ಹೊತ್ತ ಶಿಲೆ, 250 ಕೋಟಿ ವರ್ಷಕ್ಕೂ ಹಳೆಯದು. ಆದರೆ ಗದಗಿನ ಕಪ್ಪತಗುಡ್ಡದ ಸಾಲಿನಲ್ಲಿ ಬಂಗಾರ ಹುಡುಕಿದ ಆ ಕಲ್ಲುಗಳಲ್ಲೂ ಹಳೆಯ ಲಾವಾ ಇದೆ, ಒತ್ತಿ, ಬೆಂದು, ಹಸಿರಾಗಿ ಮಾರ್ಪಟ್ಟದ್ದು. ಈ ಒಲೆ ಹೊತ್ತುವ ಎಷ್ಟೋ ಮೊದಲು ಬೇರೊಂದು ಒಲೆ ಅಲ್ಲಿ ಹೊತ್ತಿತ್ತು.

ಅಪ್ಪ ಎಲ್ಲ ಕೇಳಿಸಿಕೊಂಡು, "ಅಂದ್ರ ನಿಮ್ಮವ್ವನ ತವರಿನ ಹೊಲ ಇದರದು, ನಮ್ಮದು ಅದಕ್ಕಿಂತ ಹಳೇದು" ಅಂದ. ಈ ಮಾತು ಅವನಿಗೆ ಬಹಳ ಹಿಡಿಸಿತು. ಸಂಜೆ ಅವ್ವನಿಗೆ ಫೋನಿನಲ್ಲಿ ಮೊದಲು ಹೇಳಿದ್ದೂ ಅದನ್ನೇ.

ಮಧ್ಯಾಹ್ನ ಸೇಂಟ್ ಫಿಲಿಪ್ ಕಡೆ ಒಂದು ವೆನಿಲಾ ತೋಟ ನೋಡಿದೆವು. ಈ ಬಳ್ಳಿ ಮೆಕ್ಸಿಕೊದಿಂದ ಬಂದದ್ದು, ಇಲ್ಲಿ ಹೂವು ಬಿಟ್ಟರೂ ಕಾಯಿ ಕಟ್ಟುತ್ತಿರಲಿಲ್ಲ. 1841ರಲ್ಲಿ ಎಡ್ಮಂಡ್ ಆಲ್ಬಿಯುಸ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ ಒಂದು ಕಡ್ಡಿ ಹಿಡಿದು, ಹೂವಿನೊಳಗಿನ ಪೊರೆ ಎತ್ತಿ, ಹೆಬ್ಬೆರಳಿನಿಂದ ಪರಾಗ ಒತ್ತುವುದನ್ನು ಕಂಡುಹಿಡಿದ. ಇವತ್ತಿಗೂ ಜಗತ್ತಿನಲ್ಲಿ ಹಾಗೇ ಮಾಡುತ್ತಾರೆ. ತೋಟದಾಕೆ ಕೈಚಳಕ ತೋರಿಸಿದಾಗ ಅಪ್ಪ ಪಟ್ಟನೆ, "ಇದು ಹತ್ತಿ ಕ್ರಾಸಿಂಗ್ ಅಲ್ಲೇನು" ಅಂದ. ಎಳೆವಯಸ್ಸಿನಲ್ಲಿ ರಾಣೆಬೆನ್ನೂರ ಕಡೆ ಬೀಜದ ಹತ್ತಿಯ ಹೊಲದಲ್ಲಿ ಎರಡು ಹಂಗಾಮು ದುಡಿದವನು ಅವನು. ಆ ಹುಡುಗನ ವಯಸ್ಸು ಕೇಳಿ ಸುಮ್ಮನಾದ.

ರಾತ್ರಿ ಮತ್ತೆ ರಸ್ತೆ ಬದಿ, ಮತ್ತೆ ಮೋಡ.

ಜುಲೈ 14, ಶುಕ್ರವಾರ. ಬೂರ್ ಮ್ಯುರಾ

ಫ್ರೆಂಚರ ರಾಷ್ಟ್ರೀಯ ಹಬ್ಬ, ಎಲ್ಲ ಕಡೆ ರಜೆ. ದ್ವೀಪದ ಜನವೆಲ್ಲ ಬೆಂಕಿ ನೋಡಲು ಹೊರಟಂತಿತ್ತು. ಸೇಂಟ್ ಪಿಯೇರ್ ಮೂಲಕ ಮೇಲೇರಿ ಸುಮಾರು 1,600 ಮೀಟರ್ ಎತ್ತರದ ಬೂರ್ ಮ್ಯುರಾ ಮುಟ್ಟಿದೆವು. ಇಲ್ಲಿ ಸಮುದ್ರವೂ ಇಲ್ಲ, ತೆಂಗೂ ಇಲ್ಲ. ಹುಲ್ಲುಗಾವಲು, ದಪ್ಪ ಆಕಳು, ಚಳಿ. ಅಪ್ಪ ಆಕಳ ಕೆಚ್ಚಲು ನೋಡಿ ಲೆಕ್ಕ ಹಾಕುತ್ತ ಬಹಳ ಹೊತ್ತು ಬೇಲಿ ಹಿಡಿದು ನಿಂತ.

1979ರಿಂದ ಜ್ವಾಲಾಮುಖಿಯ ನಾಡಿ ಹಿಡಿದು ಕೂತಿರುವ ವೀಕ್ಷಣಾಲಯ ಇದೇ ಊರಿನಲ್ಲಿದೆ. ಪಕ್ಕದ ಮ್ಯೂಸಿಯಂನಲ್ಲಿ ಅದರ ಕೆಲಸ ತಿಳಿಯಿತು. ಕರಗಿದ ಕಲ್ಲು ಮೇಲೆ ಬರುವ ಮುನ್ನ ಗುಡ್ಡ ಒಂದೆರಡು ಬೆರಳಿನಷ್ಟಾದರೂ ಉಬ್ಬುತ್ತದೆ, ಒಳಗೆ ಸಣ್ಣಸಣ್ಣ ನಡುಕ ಹುಟ್ಟುತ್ತವೆ. ಉಪಕರಣಗಳಿಗೆ ಅದು ಗೊತ್ತಾಗುತ್ತದೆ. ಕೂಡಲೇ ಒಳಗಿರುವ ಜನರನ್ನು ಹೊರಗೆ ಕಳಿಸಿ ಕೆಳಗಿಳಿಯುವ ಗೇಟು ಮುಚ್ಚುತ್ತಾರೆ. ಈಗಲೂ ಮುಚ್ಚಿತ್ತು. ಕುಳಿಯ ತನಕ ಹೋಗುವ ಆಸೆ ಬಿಡಬೇಕಾಯಿತು. ಅಂಚಿನ ಮೇಲಿಂದ ನೋಡಲು ಮಾತ್ರ ಬಿಟ್ಟಿದ್ದರು.

ಜುಲೈ 15, ಶನಿವಾರ. ಅಂಚಿನ ಮೇಲೆ

ಮುಂಜಾನೆ ಕಾರಿನ ಗಾಜಿನ ಮೇಲೆ ಮಂಜು ಗಟ್ಟಿಯಾಗಿತ್ತು. ಅಪ್ಪ ಕಂಬಳಿ ಹೊದ್ದು, ಮಫ್ಲರ್ ಸುತ್ತಿಕೊಂಡು ಮುಂದೆ ಕೂತ. ದಾರಿಯಲ್ಲಿ ಕಮರ್ಸನ್ ಎಂಬ ಹಳೆಯ ಕುಳಿ. 2007ರ ಫೆಬ್ರವರಿಯಲ್ಲಿ ಚಂಡಮಾರುತ ಬಂದಾಗ ಇಲ್ಲಿ ಮೂರು ದಿನದಲ್ಲಿ 3,929 ಮಿಲಿಮೀಟರ್ ಮಳೆ ಸುರಿದಿತ್ತು, ಜಗತ್ತಿನ ದಾಖಲೆ. ನಮ್ಮೂರಿಗೆ ಐದಾರು ವರ್ಷದ ಮಳೆ ಅದು. ಅಪ್ಪನಿಗೆ ಹೇಳಲೋ ಬೇಡವೋ ಎಂದು ತಡೆದು ಕೊನೆಗೆ ಹೇಳಿದೆ. "ಹಂಚಿ ಕೊಡಾಕ ಬರೂದಿಲ್ಲಲ್ಲ" ಅಂದ, ಅಷ್ಟೇ.

ಆಮೇಲೆ ತಿರುವಿನಲ್ಲಿ ನೆಲ ಕೆಳಗೆ ಬಿತ್ತು. ಪ್ಲೇನ್ ದೆ ಸಾಬ್ಲ್, ಮರಳಿನ ಬಯಲು. ಹುಲ್ಲಿಲ್ಲ, ಹಕ್ಕಿಯಿಲ್ಲ. ಕಂದು, ಕೆಂಪು, ಕಪ್ಪು ಹರಳು ಹರಡಿದ ಬಯಲಿನ ನಡುವೆ ಬಿಳಿ ಗೆರೆಯಂಥ ಕಚ್ಚಾ ರಸ್ತೆ. ಕಾರು ನಿಲ್ಲಿಸಿ ಇಳಿದರೆ ನಮ್ಮ ಉಸಿರು ನಮಗೇ ಕೇಳುವಷ್ಟು ನಿಶ್ಶಬ್ದ. ಅಪ್ಪ ಒಂದು ಹಿಡಿ ಎತ್ತಿದ. ಗುಳ್ಳೆಗುಳ್ಳೆಯಾದ ಹಗುರ ಕಲ್ಲು, ಚುರುಮುರಿ ಹಿಡಿದಷ್ಟೇ ಭಾರ. ಅವ್ವನಿಗೆ ಒಂದು ಒಯ್ಯೋಣ ಎಂದು ಜೇಬಿಗೆ ಹಾಕಿದ್ದ. ರಾಷ್ಟ್ರೀಯ ಉದ್ಯಾನದಿಂದ ಕಲ್ಲು ಒಯ್ಯುವಂತಿಲ್ಲ ಎಂದು ಚಾಲಕ ಸನ್ನೆ ಮಾಡಿದ. ಅಪ್ಪ ಎತ್ತಿದ ಜಾಗವನ್ನೇ ಹುಡುಕಿ ಅಲ್ಲೇ ಇಟ್ಟು ಬಂದ.

2,311 ಮೀಟರ್ ಎತ್ತರದ ಪಾ ದ ಬೆಲ್‌ಕೋಂಬ್‌ಗೆ ಹೋಗಿ ಮೊರದ ಅಂಚಿನಿಂದ ಒಳಗೆ ನೋಡಿದೆವು. ಎದುರಿಗೆ ಶಿಖರ, ಕೆಳಗೆ ಫಾರ್ಮಿಕಾ ಲಿಯೋ ಎಂಬ ಪುಟ್ಟ ಕೆಂಪು ಗುಡ್ಡೆ, ಸುತ್ತ ಲಾವಾದ ಹಳೆಯ ಬಯಲು. ಬೆಂಕಿ ಮಾತ್ರ ಇಲ್ಲಿಂದ ಕಾಣದು, ಶಿಖರದ ಆಚೆ ಬಗಲಲ್ಲಿ ಹೊತ್ತಿತ್ತು. ಅದನ್ನು ನೋಡಬೇಕಾದರೆ ಅಂಚಿನ ಮೇಲೇ ದಕ್ಷಿಣಕ್ಕೆ ನಡೆದು ಪಿಟೋನ್ ದ ಬೇರ್ ತನಕ ಹೋಗಬೇಕು. ಎರಡು ತಾಸಿನ ನಡಿಗೆ. ಅಪ್ಪನ ವಯಸ್ಸಿಗೆ ಹೆಚ್ಚಾದೀತೇನೋ ಎಂದು ನಾನು ಅಳುಕಿದೆ. "ಸಂಗಾಟ ಇಷ್ಟು ಮಂದಿ ಅದಾರ, ನಡಿ" ಎಂದು ಅವನೇ ಮುಂದಾದ.

ನಿಜಕ್ಕೂ ಜಾತ್ರೆ. ಕೂಸನ್ನು ಬೆನ್ನಿಗೆ ಕಟ್ಟಿಕೊಂಡವರು, ಕೋಲು ಹಿಡಿದ ಮುದುಕಿಯರು, ಅನ್ನದ ಡಬ್ಬಿ ಹೊತ್ತ ಹುಡುಗರು. ಇಲ್ಲಿನ ಜನ ತಮ್ಮ ಗುಡ್ಡದ ಬೆಂಕಿಗೆ ಹೆದರಿ ಓಡುವವರಲ್ಲ, ನೋಡಲು ಬುತ್ತಿ ಕಟ್ಟಿಕೊಂಡು ಬರುವವರು. ನಾವೂ ಒಂದು ಬಂಡೆಯ ಮರೆಗೆ ಕೂತು ತಂಗಿ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ಪಕ್ಕದ ಸಂಸಾರವೊಂದು ಕೇಳಿ ಇಸಿದುಕೊಂಡು, ಬದಲಿಗೆ ಉಪ್ಪಿನಕಾಯಿ ಕೊಟ್ಟಿತು. ಅದಕ್ಕವರು ಅಶಾರ್ ಅಂದರು. ನಮ್ಮ ಮುಂಬೈ ಕಡೆಯ ಅಚಾರವೇ.

ಅಂಚಿಗೆ ಮುಟ್ಟಿದಾಗ ಹೊತ್ತು ಇಳಿದಿತ್ತು. ದೂರದ ಇಳಿಜಾರಿನಲ್ಲಿ ಒಂದು ಸಣ್ಣ ಕಪ್ಪು ಗುಡ್ಡೆ, ಅದರಿಂದ ಏಳುವ ನೀಲಿ ಹೊಗೆ. ಬೆಳಕಿನಲ್ಲಿ ಅದು ಊರ ಹೊರಗಿನ ಇಟ್ಟಿಗೆ ಭಟ್ಟಿಯ ಹಾಗಿತ್ತು. ನನ್ನ ಮನಸ್ಸು ಕುಗ್ಗಿತು. ಇಷ್ಟು ದೂರ ಕರೆತಂದು ಅಪ್ಪನಿಗೆ ಇದಿಷ್ಟೇ ತೋರಿಸಿದೆನೇ ಅನ್ನಿಸಿತು. ಸೂರ್ಯ ಬೆನ್ನ ಹಿಂದೆ ಮುಳುಗಿದ. ನಿಧಾನವಾಗಿ ಗುಡ್ಡೆಯ ಬಾಯಿ ಕೆಂಪಾಯಿತು. ಆಮೇಲೆ ಹೊಗೆಯ ಕೆಳಹೊಟ್ಟೆ ಕೆಂಪಾಯಿತು. ಕತ್ತಲು ಪೂರ್ತಿ ಕವಿದಾಗ ಬಾಯಿಯಿಂದ ಆಗಾಗ ಕಿಡಿಯ ಒಂದು ಗುಪ್ಪೆ ಮೇಲೆ ಹಾರಿ, ಅಲ್ಲೇ ಒಂದು ಕ್ಷಣ ನಿಂತಂತೆ ಕಂಡು, ಸುತ್ತ ಬೀಳುತ್ತಿತ್ತು. ದೂರದ ಲೆಕ್ಕ ಹಾಕಿದರೆ ಆ ಒಂದೊಂದು ಕಿಡಿಯೂ ದೊಡ್ಡ ಕಲ್ಲೇ ಇರಬೇಕು. ಕೆಳಗೆ ಅಲ್ಲಲ್ಲಿ ಕೆಂಪು ಚುಕ್ಕೆ, ಹೊದಿಕೆಯ ತೂತಿನಿಂದ ಒಳಗಿನ ದೀಪ ಕಂಡ ಹಾಗೆ. ಲಾವಾ ಬಹುಮಟ್ಟಿಗೆ ತಾನೇ ಕಟ್ಟಿಕೊಂಡ ಸುರಂಗದೊಳಗೆ ಹರಿಯುತ್ತಿತ್ತು. ಅದರ ಬಿಸಿ ಸಾವಿರದ ನೂರು ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ. ಇಲ್ಲಿ ನಮಗೆ ಕೈ ಕೊರಡಾಗುವ ಚಳಿ.

ಶಬ್ದ ತಡವಾಗಿ ಕೇಳಿಸಿತು. ಗಾಳಿ ಒಂದು ಸಲ ನಿಂತಾಗ, ದೂರದಲ್ಲಿ ಯಾರೋ ತಿದಿ ಒತ್ತಿದ ಹಾಗೆ. ಉಸ್ಸ್ ಎಂದು ಒಮ್ಮೆ, ತಡೆದು ಇನ್ನೊಮ್ಮೆ. ಕುಲುಮೆ ಎಂದು ಹೆಸರಿಟ್ಟವನು ಇದನ್ನು ಕೇಳಿಯೇ ಇಟ್ಟಿರಬೇಕು.

ಅಪ್ಪ ಒಂದು ತಾಸು ಮಾತಾಡಲಿಲ್ಲ. ಕಂಬಳಿಯೊಳಗಿಂದ ಮುಖವಷ್ಟೇ ಹೊರಗೆ. ಏಳುವಾಗ, "ಇದರದು ಬಿತ್ತಿಗಿ ಇನ್ನೂ ಮುಗದಿಲ್ಲ" ಅಂದ. ಹಿಂದಿರುಗುವಾಗ ಅಂಚಿನುದ್ದಕ್ಕೂ ಜನರ ತಲೆದೀಪಗಳ ಸಾಲು. ನಾನು ಅಪ್ಪನ ಕೈ ಹಿಡಿದುಕೊಂಡೇ ನಡೆದೆ. ನಾನು ದೊಡ್ಡವನಾದ ಮೇಲೆ ಅವನು ಅದಕ್ಕೆ ಬಿಟ್ಟದ್ದು ಅದೇ ಮೊದಲು.

ಜುಲೈ 16, ಭಾನುವಾರ. ವಾಪಸ್

ಮಾರಿಷಸ್‌ಗೆ ಹಿಂತಿರುಗುವ ವಿಮಾನ. ಚಾಲಕ ಅಪ್ಪನನ್ನು ತಬ್ಬಿಕೊಂಡು ಬೀಳ್ಕೊಟ್ಟ. ಅವ್ವನಿಗೆ ಎಂದು ಒಂದು ಸಣ್ಣ ಕಟ್ಟು ವೆನಿಲಾ ಕಾಯಿ ಕೊಟ್ಟ.

ಜುಲೈ 24, ಸೋಮವಾರ. ಊರು

ನಾವು ಊರಿಗೆ ಬರುವ ಹೊತ್ತಿಗೆ ಮಳೆ ಹಿಡಿದಿತ್ತು. ಆ ಸಲದ ಸ್ಫೋಟ ಆಗಸ್ಟ್ 10ರ ತನಕ ನಡೆಯಿತು ಎಂದು ಆಮೇಲೆ ಓದಿದೆ. ರಸ್ತೆಗೂ ಬರಲಿಲ್ಲ, ಸಮುದ್ರಕ್ಕೂ ಮುಟ್ಟಲಿಲ್ಲ, ಮೊರದೊಳಗೇ ಆರಿತು. ಆದರೆ ಆ ಸೋಮವಾರ ಅಪ್ಪನಿಗೆ ಅದ್ಯಾವುದೂ ನೆನಪಿರಲಿಲ್ಲ. ಬ್ಯಾಗು ಪಡಸಾಲೆಯಲ್ಲಿಟ್ಟು, ಚಹಾ ಕೂಡ ಕುಡಿಯದೆ ಹೊಲಕ್ಕೆ ಹೊರಟ. ನಾನೂ ಹಿಂದೆ ಹೋದೆ.

ಎರಿ ದಾರಿ. ಹತ್ತು ಹೆಜ್ಜೆಗೆ ಚಪ್ಪಲಿ ಒಂದೊಂದೂ ಎರಡು ಕಿಲೋ ಆಯಿತು. ಅಪ್ಪ ತನ್ನವನ್ನು ಕಳಚಿ ಬದುವಿನ ಮೇಲಿಟ್ಟು ಬರಿಗಾಲಲ್ಲಿ ಒಳಗಿಳಿದ. ಪಾದ ಎತ್ತಿದಾಗಲೆಲ್ಲ ಕಪ್ಪು ಮಣ್ಣು ಅಂಟಿಕೊಂಡು ಮೇಲೆ ಬರುತ್ತಿತ್ತು. ಬಿರುಕುಗಳೆಲ್ಲ ಮುಚ್ಚಿದ್ದವು. ಹೆಸರು ಒಂದು ಗೇಣು ಎದ್ದಿತ್ತು, ಎಲೆ ಮೇಲೆ ನೀರು. ಅವನು ಕುಕ್ಕರಗಾಲಲ್ಲಿ ಕೂತು ಬುಡಕ್ಕೆ ಬೆರಳು ಹಾಕಿ, ಎತ್ತಿ, ಹೆಬ್ಬೆರಳಿನಿಂದ ತಿಕ್ಕಿ ನೋಡಿದ.

"ನಾಲ್ಕು ದಿನ ಎಡಿ ಹೊಡಿಯಾಕ ಬರೂದಿಲ್ಲ" ಅಂದ. "ಹಸಿ ಭಾಳ ಆಗೈತಿ."

ಎದ್ದು, ಬದುವಿನ ಜಾಲಿ ಕಡ್ಡಿ ಮುರಿದು ನನಗೊಂದು ಕೊಟ್ಟ. ಇಬ್ಬರೂ ಕೂತು ಕಾಲಿನ ಮಣ್ಣು ಕೆರೆದು ಮತ್ತೆ ಹೊಲಕ್ಕೇ ಹಾಕಿದೆವು.